ಎತ್ತರದ ಪಿಕಪ್, ದಪ್ಪ ಟೈರು

ಕೇಳುಗರಿಗೆ ನಮಸ್ಕಾರ. ಪಿಕಪ್ ಗಾಡಿ ಎತ್ತರಿಸಿ, ದಪ್ಪ ಟೈರು ಹಾಕಿಸುವ ಶೋಕಿಯ ಬಗ್ಗೆ ಇವತ್ತು ಮಾತಾಡೋಣ. ಬೈಯೋದಕ್ಕಲ್ಲ. ಹಾಗೆ ಗತ್ತಿನಿಂದ ನಿಂತ ಗಾಡಿ ನೋಡೋಕೆ ನನಗೂ ಇಷ್ಟ.

ಈ ಹುಚ್ಚು ಜೋರಾಗಿ ಬೆಳೆದದ್ದು ಅಮೆರಿಕದಲ್ಲಿ. ಸೇಂಟ್ ಲೂಯಿಸ್ ಹತ್ತಿರ ಬಾಬ್ ಚಾಂಡ್ಲರ್ ಎಂಬುವರು ಫೋರ್ ವೀಲ್ ಡ್ರೈವ್ ಗಾಡಿಗಳ ಅಂಗಡಿ ಇಟ್ಟಿದ್ದರು. ತಮ್ಮ 1974ರ ಫೋರ್ಡ್ ಎಫ್-250ಗೆ ಇನ್ನೂ ದೊಡ್ಡ, ಇನ್ನೂ ದೊಡ್ಡ ಅಂತ ಟೈರು ಹಾಕುತ್ತಾ ಹೋದರು. ಅದೇ ಬಿಗ್‌ಫುಟ್. 1981ರಲ್ಲಿ ಆ ಗಾಡಿ ಹಳೇ ಕಾರುಗಳ ಮೇಲೆ ಹತ್ತಿ ಅಪ್ಪಚ್ಚಿ ಮಾಡಿತು. ಮಾನ್‌ಸ್ಟರ್ ಟ್ರಕ್ ಆಟ ಶುರುವಾದದ್ದು ಹಾಗೆ.

ಎತ್ತರಿಸೋಕೆ ಮುಖ್ಯವಾಗಿ ಎರಡು ದಾರಿ. ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಬಿಲ್ಲೆ ಕೊಡುವುದು ಬಾಡಿ ಲಿಫ್ಟ್. ಮುಂದಿನ ಸ್ಪ್ರಿಂಗ್ ಮೇಲೆ ಸ್ಪೇಸರ್, ಹಿಂದಿನ ಲೀಫ್ ಸ್ಪ್ರಿಂಗ್ ಕೆಳಗೆ ಬ್ಲಾಕ್ ಕೂರಿಸುವುದು ಸಸ್ಪೆನ್ಷನ್ ಲಿಫ್ಟ್. ಎರಡರಲ್ಲೂ ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಕಲ್ಲು ಮೊದಲು ತಗಲುವುದು ಆ ಆಕ್ಸಲ್ ನಡುವಿನ ಗೇರ್ ಡಬ್ಬಿ, ಅಂದರೆ ಡಿಫರೆನ್ಷಿಯಲ್‌ಗೇ ಅಲ್ವಾ? ಅದನ್ನು ನೆಲದಿಂದ ಮೇಲೆತ್ತುವುದು ಟೈರು ಮಾತ್ರ.

ಎಷ್ಟು ಎತ್ತುತ್ತದೆ? ಟೈರಿನ ಪಕ್ಕ 265/60 ಆರ್18 ಅಂತ ಇದೆ ಅಂದುಕೊಳ್ಳಿ. ಅಗಲ 265 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇಕಡ 60, ರಿಮ್ 18 ಇಂಚು. ಕೂಡಿಸಿದರೆ ಟೈರಿನ ಪೂರ್ತಿ ಎತ್ತರ ಸುಮಾರು 30.5 ಇಂಚು. ಅದರ ಜಾಗಕ್ಕೆ 33 ಇಂಚಿನದು ಬಂತು. ಎರಡೂವರೆ ಇಂಚು ಜಾಸ್ತಿ. ಆದರೆ ಆಕ್ಸಲ್ ಮೇಲೇರುವುದು ಅದರ ಅರ್ಧ, ಒಂದೂಕಾಲು ಇಂಚು. ಇಷ್ಟಕ್ಕೇ ಸ್ಪೀಡೋಮೀಟರ್ ಲೆಕ್ಕ ತಪ್ಪುತ್ತದೆ. ಮುಳ್ಳು 80 ಅಂದಾಗ ಗಾಡಿ ಸುಮಾರು 86ರಲ್ಲಿ ಓಡುತ್ತಿರುತ್ತದೆ. ಭಾರದ ಚಕ್ರ ತಿರುಗಿಸೋಕೆ ಎಂಜಿನ್ ಒದ್ದಾಡುತ್ತದೆ, ನಿಲ್ಲಿಸೋಕೆ ಬ್ರೇಕ್ ಒದ್ದಾಡುತ್ತದೆ, ಮೈಲೇಜ್ ಬೀಳುತ್ತದೆ. ಸಸ್ಪೆನ್ಷನ್ ಲಿಫ್ಟ್ ಆದ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಆಕ್ಸಲ್ ಓರೆಯಾಗಿ, ಅದರ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಗ್ರೀಸ್ ಹೊರಗೆ ಬಂತು ಅಂದರೆ ಜಾಯಿಂಟ್ ಹೋದ ಹಾಗೇ.

ಇದೆಲ್ಲ ದುಡ್ಡಿನ ಮಾತು. ನನಗೆ ನಿಜವಾಗಿ ಭಯ ಆಗುವುದು ಬಾನೆಟ್ ನೋಡಿದಾಗ. ಅದು ಎತ್ತರವಾದಷ್ಟೂ ಮೂತಿಯ ಮುಂದೆ ನಿಂತ ಮಗು ಕಾಣುವುದಿಲ್ಲ. ಅಮೆರಿಕದ ವಿಮಾ ಕಂಪನಿಗಳ ಹಣದಲ್ಲಿ ನಡೆಯುವ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬಾನೆಟ್ ನೆಲದಿಂದ 30 ಇಂಚಿನೊಳಗಿದ್ದು ಇಳಿಜಾರಾಗಿರುವ ಗಾಡಿಗೆ ಹೋಲಿಸಿದರೆ, 40 ಇಂಚು ಮೀರಿದ ಗಾಡಿ ಗುದ್ದಿದಾಗ ಪಾದಚಾರಿ ಸಾಯುವ ಸಾಧ್ಯತೆ ಸುಮಾರು ಶೇಕಡ 45ರಷ್ಟು ಜಾಸ್ತಿ. ಅದು ಕಂಪನಿಯಿಂದ ಬಂದ ಗಾಡಿಗಳ ಲೆಕ್ಕ. ಅದರ ಮೇಲೆ ನಾವು ಇನ್ನೂ ನಾಲ್ಕು ಇಂಚು ಏರಿಸಬೇಕಾ?

ಅಮೆರಿಕದಲ್ಲಿ ಮೂತಿ ಮೇಲೆ, ಹಿಂಭಾಗ ಕೆಳಗೆ ಮಾಡುವ ಕ್ಯಾರೊಲಿನಾ ಸ್ಕ್ವಾಟ್ ಎಂಬ ಫ್ಯಾಷನ್ ಕೂಡ ಬಂತು. ಡ್ರೈವರ್‌ಗೆ ರಸ್ತೆಗಿಂತ ಆಕಾಶವೇ ಜಾಸ್ತಿ ಕಾಣುತ್ತದೆ. ನಾರ್ತ್ ಕ್ಯಾರೊಲಿನಾ ರಾಜ್ಯ 2021ರ ಡಿಸೆಂಬರ್‌ನಿಂದ ಅದನ್ನು ನಿಷೇಧಿಸಿತು. ಒಳ್ಳೇ ಕೆಲಸ.

ನಮ್ಮಲ್ಲೂ ಹೈಲಕ್ಸ್, ವಿ-ಕ್ರಾಸ್ ಪಿಕಪ್ ತಗೊಂಡವರಿಗೆ ಈ ಆಸೆ ಇದೆ. ಇಲ್ಲಿನ ಕಾನೂನು ಬಿಗಿ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತ ಬಂತು.

ಹಾಗಾದರೆ ಚಂದ ಬೇಡವಾ? ಬೇಕು. ಡ್ರೈವರ್ ಬಾಗಿಲು ತೆಗೆದು ಪಕ್ಕದ ಕಂಬದ ಸ್ಟಿಕರ್ ನೋಡಿ. ಟೈರಿನ ಸೈಜು, ಗಾಳಿ ಎರಡೂ ಅಲ್ಲಿರುತ್ತವೆ. ಅದೇ ಸೈಜಿನಲ್ಲಿ ಆಲ್ ಟೆರೇನ್, ಅಂದರೆ ಡಾಂಬರು ಮಣ್ಣು ಎರಡಕ್ಕೂ ಆಗುವ ಟೈರು ಕೇಳಿ. ದಪ್ಪ ಗುಂಡಿಗಳ ಹಲ್ಲು, ಅಂಚಿನವರೆಗೂ ಉಬ್ಬಿದ ಪಕ್ಕ, ಬೇಕಿದ್ದರೆ ಬಿಳಿ ಅಕ್ಷರ. ಗಾಡಿಯ ಮುಖವೇ ಬದಲಾಗುತ್ತದೆ. ಟೈರು ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ನಂಬರ್, ಲೋಡ್ ಇಂಡೆಕ್ಸ್, ಮಾತ್ರ ಹಳೇ ಟೈರಿಗಿಂತ ಕಡಿಮೆ ಇರದಂತೆ ನೋಡಿಕೊಳ್ಳಿ. ನಮಸ್ಕಾರ.