ಲೋಕದೃಷ್ಟಿ ಮತ್ತು ಡಿಲ್ತಾಯ್ ಕಂಡ ಕನಸು

ಕೇಳುಗರಿಗೆ ನಮಸ್ಕಾರ.

ಲೋಕದೃಷ್ಟಿ ಎಂಬ ಮಾತನ್ನು ಈಗ ಎಲ್ಲರೂ ಸಲೀಸಾಗಿ ಆಡುತ್ತೇವೆ. ಇದರ ಬೇರು ಜರ್ಮನ್ ತತ್ತ್ವಶಾಸ್ತ್ರದಲ್ಲಿದೆ. 1790ರಲ್ಲಿ ಇಮ್ಯಾನುಯೆಲ್ ಕಾಂಟ್ ಇದನ್ನು ಹಾಗೆ ಸುಮ್ನೆ, ಮಾತಿನ ನಡುವೆ ಒಮ್ಮೆ ಬಳಸಿದ. ಅವನ ಮನಸ್ಸಿನಲ್ಲಿದ್ದದ್ದು ಇಂದ್ರಿಯಗಳಿಗೆ ತೋರುವ ಜಗತ್ತು, ಅಷ್ಟೇ. ಆಮೇಲೆ ಬಂದ ಫಿಕ್ಟೆ, ಶೆಲ್ಲಿಂಗ್, ಹೆಗೆಲ್ ಅದನ್ನು ಹಿಗ್ಗಿಸುತ್ತಾ ಹೋದರು. ಬದುಕು ಏನು, ಯಾಕೆ, ಹೇಗೆ ಬಾಳಬೇಕು ಎನ್ನುವುದೆಲ್ಲ ಅದರೊಳಗೆ ಸೇರಿಕೊಂಡಿತು.

ಇದನ್ನು ಜಾಸ್ತಿ ತಲೆಗೆ ಹಚ್ಚಿಕೊಂಡವನು ಜರ್ಮನ್ ತತ್ತ್ವಜ್ಞಾನಿ ವಿಲ್ಹೆಲ್ಮ್ ಡಿಲ್ತಾಯ್. 1903ರಲ್ಲಿ, ತನ್ನ ಎಪ್ಪತ್ತನೇ ಹುಟ್ಟುಹಬ್ಬದ ಭಾಷಣದಲ್ಲಿ, ಅವನು ಹಳೆಯದೊಂದು ಕನಸು ಹೇಳಿದ. ಗೆಳೆಯನ ಮನೆಯಲ್ಲಿ ಮಲಗಿದ್ದಾನೆ. ಹಾಸಿಗೆಯ ಮೇಲ್ಗಡೆ ಗೋಡೆಯಲ್ಲಿ ಇಟಲಿಯ ಚಿತ್ರಕಾರ ರಫೇಲನ 'ಅಥೆನ್ಸಿನ ಶಾಲೆ' ಚಿತ್ರದ ಪ್ರತಿ. ಕನಸಿನಲ್ಲಿ ಆ ಚಿತ್ರದೊಳಗಿನ ಗ್ರೀಕ್ ತತ್ತ್ವಜ್ಞಾನಿಗಳಿಗೆಲ್ಲ ಜೀವ ಬಂತು. ನಂತರದ ಕಾಲದವರೂ ಬಂದು ಸೇರಿದರು. ನೋಡನೋಡುತ್ತ ಮೂರು ಗುಂಪಾಯಿತು. ಎಲ್ಲವೂ ಪ್ರಕೃತಿಯ ನಿಯಮ ಎನ್ನುವವರು ಆರ್ಕಿಮಿಡೀಸನ ಕಡೆ ನಿಂತರು. ಮನುಷ್ಯನ ಇಚ್ಛೆ ಪ್ರಕೃತಿಯ ಆಳಲ್ಲ ಎನ್ನುವವರು ಸಾಕ್ರಟೀಸ್, ಪ್ಲೇಟೋ ಸುತ್ತ, ಕಾಂಟನೂ ಅಲ್ಲೇ. ಇಡೀ ಜಗತ್ತೇ ಒಂದು ಜೀವಂತ ವಸ್ತು ಎನ್ನುವ ತತ್ತ್ವಜ್ಞಾನಿ ಸ್ಪಿನೋಜ, ಕವಿ ಗಯಟೆ ಇನ್ನೊಂದು ಕಡೆ. ಆ ಗುಂಪಿನಲ್ಲಿ ನಮ್ಮ ಅದ್ವೈತಿಗಳಿಗೂ ಜಾಗ ಸಿಗುತ್ತಿತ್ತೇನೋ!

ಕೆಲವರು ರಾಜಿ ಮಾಡಿಸಲು ಗುಂಪಿನಿಂದ ಗುಂಪಿಗೆ ಓಡಾಡಿದರು. ಆಗಲಿಲ್ಲ. ಗುಂಪುಗಳು ಇನ್ನೂ ದೂರ ಸರಿದವು. ತನ್ನನ್ನೇ ಯಾರೋ ಸೀಳಿದಂತೆ ಡಿಲ್ತಾಯ್‌ಗೆ ದಿಗಿಲಾಯಿತು.

1911ರ ಪ್ರಬಂಧದಲ್ಲಿ ಅವನು ಈ ಮೂರನ್ನೇ ವಿಸ್ತರಿಸಿದ. ಲೋಕದೃಷ್ಟಿ ಬರೀ ಯೋಚನೆಯಿಂದ ಹುಟ್ಟುವುದಿಲ್ಲ, ಬದುಕಿನ ಅನುಭವದಿಂದ ಬೆಳೆಯುತ್ತದೆ ಎಂದ. ಹಾಗಾಗಿಯೇ ತರ್ಕದಿಂದ ಒಂದನ್ನು ಸೋಲಿಸಿ ಇನ್ನೊಂದನ್ನು ಗೆಲ್ಲಿಸಲು ಆಗದು. ದೇವರಿದ್ದಾನೋ ಇಲ್ಲವೋ ಎಂಬ ಜಗಳ ಮನೆಯಲ್ಲಿ ಮುಗಿಯದೇ ಇರುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್‌ಗೆ ಮಾತ್ರ ಲೋಕದೃಷ್ಟಿಗಳ ಮೇಲೆ ಗುಮಾನಿ. ಒಂದೇ ಸೂತ್ರದಿಂದ ಬದುಕಿನ ಎಲ್ಲ ಪ್ರಶ್ನೆಗೂ ಉತ್ತರ ಕೊಡುವ ಹಂಬಲ ಅದು ಎಂದು 1933ರಲ್ಲಿ ಬಂದ ಉಪನ್ಯಾಸದಲ್ಲಿ ಹೇಳಿದ. ಮನೋವಿಶ್ಲೇಷಣೆಗೆ ತನ್ನದೇ ಆದದ್ದೊಂದು ಬೇಡ, ವಿಜ್ಞಾನದ ದೃಷ್ಟಿಯೇ ಸಾಕು ಎಂದ. ಅವನ ಗುಮಾನಿ ನನಗೆ ಹಿಡಿಸುತ್ತದೆ. ಅದೇ ವರ್ಷ ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದ ನಾಜಿಗಳಿಗೂ ಈ 'ಲೋಕದೃಷ್ಟಿ' ಎಂಬ ಮಾತು ಬಲು ಪ್ರಿಯ. ಆದರೆ ಫ್ರಾಯ್ಡ್ ಲೋಕದೃಷ್ಟಿಯಿಂದ ಪೂರ್ತಿ ತಪ್ಪಿಸಿಕೊಂಡ ಅಂತ ನನಗೆ ಅನಿಸುವುದಿಲ್ಲ. ಡಿಲ್ತಾಯ್ ಅಷ್ಟು ದಿನ ಬದುಕಿದ್ದರೆ, ಅವನನ್ನು ಸೀದಾ ಆರ್ಕಿಮಿಡೀಸನ ಪಕ್ಕಕ್ಕೆ ಕಳಿಸುತ್ತಿದ್ದ.

ನಮಸ್ಕಾರ.