ಖಾಲಿ ಬೋರ್‌ಹೋಲನ್ನೂ ತೋರಿಸಿ, ಆಮೇಲೆ ರೊಕ್ಕ ಕೇಳಿ

ನಮಸ್ಕಾರ. ವಾಸ್ಕೋ, ಕುಡಚಡೆ, ಸಾಖಳಿ, ಡಿಚೋಲಿ ಕಡೆ ಇರುವ ನಮ್ಮ ಕನ್ನಡ ಮಂದಿಗೆ ಇವತ್ತಿನ ಮಾತು. ಗೋವಾದಲ್ಲಿ ಗಣಿ ಮತ್ತೆ ತೆರೆದಿದೆ, ಟಿಪ್ಪರ್‌ಗಳು ರಸ್ತೆಗೆ ಇಳಿದಿವೆ. ಅದರ ಬೆನ್ನಿಗೇ "ಹೊಸ ಮೈನಿಂಗ್ ಪ್ರಾಜೆಕ್ಟ್ ಇದೆ, ಷೇರು ತಗೊಳ್ಳಿ" ಎನ್ನುವ ಮಾತೂ ಓಡಾಡುತ್ತಿದೆ. ಹಾಲ್‌ನಲ್ಲಿ ಸಭೆ, ಊಟ, ಪರದೆಯ ಮೇಲೆ ಎಕ್ಸ್‌ಕವೇಟರ್ ಚಿತ್ರ, ಕೊನೆಗೆ ಲಾಭದ ಕೋಷ್ಟಕ. ಗಣಿಗೆ ಹೊರಗಿನ ಬಂಡವಾಳ ಬೇಕೇ ಬೇಕು, ಅದಕ್ಕಾಗಿ ಕಂಪನಿಯವರು ಹೂಡಿಕೆದಾರರ ಮುಂದೆ ಬರುವುದರಲ್ಲಿ ತಪ್ಪಿಲ್ಲ. ನಮ್ಮ ತಕರಾರು ಅವರು ಬರುವ ರೀತಿಯ ಬಗ್ಗೆ. ಲಾಭದ ಕೋಷ್ಟಕಕ್ಕೆ ಮುಂಚೆ ಬೋರ್‌ಹೋಲ್ ಪಟ್ಟಿ, ಅಂದರೆ ಅದಿರು ಹುಡುಕಲು ನೆಲದಲ್ಲಿ ಕೊರೆದ ತೂತುಗಳ ಪಟ್ಟಿ, ಬರಬೇಕು. ಆ ಪಟ್ಟಿಯಲ್ಲಿ ಅದಿರು ಸಿಗದ ಹೋಲ್‌ಗಳೂ ಇರಬೇಕು. ಅದನ್ನು ಮೇಜಿನ ಮೇಲೆ ಇಡಲಾರದವರಿಗೆ ರೊಕ್ಕ ಕೇಳುವ ಹಕ್ಕಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. 2012ರ ಸೆಪ್ಟೆಂಬರ್‌ನಲ್ಲಿ ಗೋವಾದ ಗಣಿಗಳು ನಿಂತವು. ಮತ್ತೆ ಶುರುವಾಗಿ ಉಸಿರು ಬಿಡುವಷ್ಟರಲ್ಲಿ, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಲೀಸ್‌ಗಳ ನವೀಕರಣ ರದ್ದು ಮಾಡಿತು, ಮಾರ್ಚ್ 16ರಿಂದ ಅಗೆತ ಬಂದ್. ಸಾಲ ಮಾಡಿ ಟಿಪ್ಪರ್ ಕೊಂಡವರು, ಬಾರ್ಜ್ ಮೇಲೆ ದುಡಿಯುವವರು, ಗ್ಯಾರೇಜಿನವರು, ಜೆಟ್ಟಿ ಹತ್ತಿರ ಖಾನಾವಳಿ ಇಟ್ಟವರು ಎಲ್ಲರಿಗೂ ಎರಡು ಸಲ ಪೆಟ್ಟು ಬಿತ್ತು. ಈಗ ಅದೇ ಮನೆಗಳಲ್ಲಿ ಉಳಿದಿರುವ ರೊಕ್ಕವನ್ನೇ ಕೇಳಲಾಗುತ್ತಿದೆ. ಹಾಗಾಗಿ ಕೇಳುವವರು ಮೊದಲು ಉತ್ತರ ಕೊಡಬೇಕು.

ಬೋರ್‌ಹೋಲ್ ಪಟ್ಟಿ ಎಂದರೆ ಏನಿರಬೇಕು? ಪ್ರತಿ ಹೋಲಿಗೆ ಒಂದು ಸಾಲು. ಹೋಲಿನ ನಂಬರ್, ಅದು ಇರುವ ಜಾಗದ ಅಕ್ಷಾಂಶ ರೇಖಾಂಶ, ಬಾಯಿಯ ಎತ್ತರ, ಒಟ್ಟು ಆಳ, ಎಷ್ಟನೇ ಮೀಟರಿನಿಂದ ಎಷ್ಟನೇ ಮೀಟರಿನವರೆಗೆ ಅದಿರು, ಅದರಲ್ಲಿ ಕಬ್ಬಿಣ ಎಷ್ಟು ಶೇಕಡಾ, ಸಿಲಿಕಾ, ಅಲ್ಯೂಮಿನಾ, ರಂಜಕ ಎಷ್ಟು. 40 ಹೋಲ್ ಕೊರೆದು ಚೆನ್ನಾಗಿ ಬಂದ 12ನ್ನು ಮಾತ್ರ ತೋರಿಸಿದರೆ ಸುಳ್ಳು ಹೇಳಿದ ಹಾಗೆ ಕಾಣುವುದಿಲ್ಲ, ಆದರೆ ಸುಳ್ಳೇ. ಉಳಿದ 28 ಹೋಲ್‌ಗಳೇ ಅದಿರಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು. ಅಂಚು ಗೊತ್ತಿಲ್ಲದೆ ಟನ್ ಲೆಕ್ಕ ಹಾಕಲು ಬರುವುದಿಲ್ಲ.

ಪಟ್ಟಿಯಲ್ಲಿ ಇನ್ನೊಂದು ಕಾಲಂ ಹುಡುಕಿ: ಕೋರ್ ರಿಕವರಿ. ಕೋರ್ ಎಂದರೆ ಕೊರೆಯುವಾಗ ಕೊಳವೆಯಲ್ಲಿ ಮೇಲೆ ಬರುವ ಕಲ್ಲುಮಣ್ಣಿನ ತುಂಡು; ಒಂದು ಮೀಟರ್ ಕೊರೆದರೆ ಎಷ್ಟು ಸೆಂಟಿಮೀಟರ್ ಕೋರ್ ಮೇಲೆ ಬಂತು ಎಂಬ ಲೆಕ್ಕ ಅದು. ಗೋವಾದಲ್ಲಿ ಇದನ್ನು ಕೇಳಲೇಬೇಕು, ಏಕೆಂದರೆ ಇಲ್ಲಿಯ ಅದಿರು ಬಹುಪಾಲು ಪುಡಿ. ಕೊರೆಯುವಾಗ ಬಿಡುವ ನೀರು ಪುಡಿಯನ್ನು ತೊಳೆದುಕೊಂಡು ಹೋಗುತ್ತದೆ. ಜೇಡಿ ತೊಳೆದುಹೋದರೆ ಉಳಿದ ಗಟ್ಟಿ ಚೂರು ಲ್ಯಾಬಿನಲ್ಲಿ ನಿಜಕ್ಕಿಂತ ಹೆಚ್ಚು ಗ್ರೇಡ್ (ಕಬ್ಬಿಣದ ಶೇಕಡಾ) ತೋರಿಸುತ್ತದೆ, ಅದಿರಿನ ಪುಡಿಯೇ ಹೋದರೆ ಕಡಿಮೆ ತೋರಿಸುತ್ತದೆ. ರಿಕವರಿ 50 ಶೇಕಡಾ ಇದ್ದಲ್ಲಿ ಗ್ರೇಡ್ 60 ಎಂದು ಬರೆದಿದ್ದರೆ ಆ 60ಕ್ಕೆ ಬೆಲೆ ಕೊಡಬೇಡಿ. ಇಂಥ ನೆಲಕ್ಕೆ ಕೋರ್ ಚದುರದಂತೆ ಹಿಡಿಯುವ ಟ್ರಿಪಲ್ ಟ್ಯೂಬ್ ಬ್ಯಾರೆಲ್ ಹಾಕಿ, ನೀರು ಕಡಿಮೆ ಬಿಟ್ಟು, ಒಂದೊಂದು ಸಲಕ್ಕೆ ಚಿಕ್ಕ ಚಿಕ್ಕ ಉದ್ದ ಕೊರೆಯುತ್ತಾರೆ. ಖರ್ಚು ಹೆಚ್ಚು, ಆದರೆ ಆ ಖರ್ಚು ಮಾಡಿದ ಕಂಪನಿಯ ಮೇಲೆ ಭರವಸೆ ಇಡಬಹುದು.

ಕೋರ್ ಶೆಡ್ಡಿಗೆ ಹೋಗಿ ನೋಡಲು ಬಿಡುತ್ತಾರೆಯೇ ಕೇಳಿ. ಅಲ್ಲಿ ಉದ್ದುದ್ದ ಪೆಟ್ಟಿಗೆಗಳು, ಒಳಗೆ ಸಾಲುಸಾಲಾಗಿ ಕೋರ್, ನಡುನಡುವೆ ಆಳ ಬರೆದ ಚಿಕ್ಕ ಗುರುತುಗಳು. ಕೋರನ್ನು ಉದ್ದಕ್ಕೆ ಎರಡು ಭಾಗ ಮಾಡಿರಬೇಕು. ಒಂದು ಅರ್ಧ ಲ್ಯಾಬಿಗೆ ಹೋಗಿರುತ್ತದೆ, ಇನ್ನೊಂದು ಅರ್ಧ ಪೆಟ್ಟಿಗೆಯಲ್ಲೇ ಉಳಿದಿರಬೇಕು. ಪುಡಿಯಾದರೆ ಪಾಲು ಮಾಡಿ ಒಂದು ಪಾಲನ್ನು ಚೀಲದಲ್ಲಿ ಎತ್ತಿಟ್ಟಿರಬೇಕು. ನಾಳೆ ಅನುಮಾನ ಬಂದರೆ ಮರುಪರೀಕ್ಷೆಗೆ ಇರುವುದು ಅದೊಂದೇ. 1990ರ ದಶಕದಲ್ಲಿ ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಭಾರಿ ಚಿನ್ನ ಸಿಕ್ಕಿದೆ ಎಂದು ಷೇರು ಏರಿಸಿತು. ಅಲ್ಲಿ ಅರ್ಧ ಕೋರ್ ಉಳಿಸದೆ ಪೂರ್ತಿ ಪುಡಿ ಮಾಡಿ ಕಳಿಸುತ್ತಿದ್ದರು, ಆ ಪುಡಿಗೆ ಹೊರಗಿನ ಚಿನ್ನ ಬೆರೆಸಲಾಗಿತ್ತು. 1997ರಲ್ಲಿ ಬೇರೆ ಕಂಪನಿಯೊಂದು ಪಕ್ಕದಲ್ಲೇ ಕೊರೆದು ನೋಡಿದಾಗ ಹೇಳಿಕೊಳ್ಳುವಷ್ಟು ಚಿನ್ನ ಸಿಗಲಿಲ್ಲ, ಷೇರು ಮಣ್ಣುಪಾಲಾಯಿತು. ಕಬ್ಬಿಣದ ಅದಿರಿನಲ್ಲಿ ಹೀಗೆ ಬೆರೆಸುವ ಗೋಜಿಗೆ ಯಾರೂ ಹೋಗುವುದಿಲ್ಲ, ಹೋಲ್ ಆರಿಸಿ ತೋರಿಸಿದರೆ ಸಾಕು, ಕೆಲಸ ಆಗಿಬಿಡುತ್ತದೆ. ಜೊತೆಗೆ ಲ್ಯಾಬಿಗೆ ಕಳಿಸಿದ ಸ್ಯಾಂಪಲ್‌ಗಳ ನಡುವೆ ಗ್ರೇಡ್ ಮೊದಲೇ ಗೊತ್ತಿರುವ ಸ್ಯಾಂಪಲ್, ಅದಿರೇ ಇಲ್ಲದ ಸ್ಯಾಂಪಲ್, ಒಂದೇ ಸ್ಯಾಂಪಲಿನ ಎರಡು ಪ್ರತಿ ಸೇರಿಸಿದ್ದರೇ ಎಂದು ಕೇಳಿ. ಇದ್ದರೆ ಅದರ ಫಲಿತಾಂಶವನ್ನೂ ಕೇಳಿ.

ಇನ್ನು ಟನ್ ಲೆಕ್ಕ. ಉದ್ದ, ಅಗಲ, ದಪ್ಪ ಗುಣಿಸಿದರೆ ಘನ ಮೀಟರ್ ಬರುತ್ತದೆ, ಅದನ್ನು ಸಾಂದ್ರತೆಯಿಂದ ಗುಣಿಸಿದರೆ ಟನ್. 200 ಮೀಟರ್ ಉದ್ದ, 100 ಮೀಟರ್ ಅಗಲ, 10 ಮೀಟರ್ ದಪ್ಪದ ಪದರ ಎಂದರೆ 2 ಲಕ್ಷ ಘನ ಮೀಟರ್. ಗಟ್ಟಿ ಅದಿರಿನ ಹಾಗೆ ಸಾಂದ್ರತೆ 3.5 ಹಿಡಿದರೆ 7 ಲಕ್ಷ ಟನ್. ಅದೇ ಪದರ ಸಡಿಲ ಪುಡಿಯಾಗಿದ್ದು ಅಳೆದಾಗ 2.6 ಬಂದರೆ 5.2 ಲಕ್ಷ. ಒಂದೇ ಒಂದು ಅಂಕಿ ಬದಲಾಯಿತು, 1.8 ಲಕ್ಷ ಟನ್ ಮಾಯ. ತೊಳೆದು ಗ್ರೇಡ್ ಏರಿಸಬೇಕಾದ ಅದಿರಾದರೆ ಪ್ಲಾಂಟಿಗೆ ಹಾಕಿದ 100ರಲ್ಲಿ 70 ಮಾತ್ರ ಮಾಲಾಗಿ ಬಂತು ಎಂದುಕೊಳ್ಳಿ, ಮಾರಲು ಸಿಗುವುದು 3.64 ಲಕ್ಷ. ಸಭೆಯಲ್ಲಿ ಕೇಳಿದ 7 ಲಕ್ಷದ ಅರ್ಧಕ್ಕೆ ಬಂತು, ಇನ್ನೂ ಯಾರೂ ಮೋಸ ಮಾಡಿಲ್ಲ. ಸಾಂದ್ರತೆ ಅಳೆದದ್ದೋ, ಅಂದಾಜಿಗೆ ಹಿಡಿದದ್ದೋ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಕಂಪನಿಯ ವರದಿಯಲ್ಲಿ ಅದಿರಿನ ಲೆಕ್ಕ ಎಷ್ಟು ಖಚಿತ ಎಂದು ಹೇಳುವ ಮೂರು ಅಂಕಿಯ ಸಂಕೇತಗಳು ಕಾಣುತ್ತವೆ: 334, 333, 332, 331, 122, 111. 334 ಎಂದರೆ ಮೇಲುಮೇಲಿನ ಸಮೀಕ್ಷೆಯ ಅಂದಾಜು. 333 ಕೂಡ ಊಹೆಯ ಮಟ್ಟದ್ದೇ. 111 ಮತ್ತು 122 ಮಾತ್ರ ಅಗೆದರೆ ಗಿಟ್ಟುತ್ತದೆ ಎಂದು ಲೆಕ್ಕ ಹಾಕಿ ನೋಡಿದ ಸಂಗ್ರಹ. 334ರ ಟನ್ನನ್ನು ಇವತ್ತಿನ ಪೇಟೆ ದರಕ್ಕೆ ಗುಣಿಸಿ "ಇಷ್ಟು ಸಾವಿರ ಕೋಟಿ ಆಸ್ತಿ" ಎಂದು ಪರದೆಯ ಮೇಲೆ ಹಾಕಿದರೆ ಆ ಸಭೆಯಿಂದ ಎದ್ದು ಬನ್ನಿ. ನೆಲದ ಕೆಳಗಿನ ಖನಿಜ ಕಂಪನಿಯ ಆಸ್ತಿಯಲ್ಲ. ಅಗೆದು, ಸಾಗಿಸಿ, ಸರ್ಕಾರಕ್ಕೆ ಕೊಟ್ಟು ಉಳಿದದ್ದಷ್ಟೇ ಅದರದು.

ಆ ಉಳಿಕೆ ಎಷ್ಟು? ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಮಾಡೋಣ. ಭಾರತೀಯ ಗಣಿ ಬ್ಯೂರೋ ಪ್ರತಿ ತಿಂಗಳು ರಾಜ್ಯವಾರು, ಗ್ರೇಡ್‌ವಾರು ಸರಾಸರಿ ಮಾರಾಟ ದರ ಪ್ರಕಟಿಸುತ್ತದೆ. ಅದು 100 ರೂಪಾಯಿ ಎಂದಿಟ್ಟುಕೊಳ್ಳಿ. ಕಬ್ಬಿಣದ ಅದಿರಿನ ರಾಯಲ್ಟಿ 15 ರೂಪಾಯಿ. ಹರಾಜಿನಲ್ಲಿ ಪಡೆದ ಲೀಸಾದರೆ ಜಿಲ್ಲಾ ಖನಿಜ ನಿಧಿಗೆ ರಾಯಲ್ಟಿಯ 10 ಶೇಕಡಾ, ಅಂದರೆ ಒಂದೂವರೆ ರೂಪಾಯಿ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಗೋವಾ ಕಬ್ಬಿಣದ ಅದಿರಿನ ಶಾಶ್ವತ ನಿಧಿಗೆ ಮಾರಾಟದ 10 ಶೇಕಡಾ. ಇವುಗಳ ಮೇಲೆ ಹರಾಜಿನ ಪ್ರೀಮಿಯಂ, ಅಂದರೆ ಲೀಸ್ ಹಿಡಿಯಲು ಸರ್ಕಾರಕ್ಕೆ ಕೊಡುತ್ತೇವೆಂದು ಒಪ್ಪಿಕೊಂಡ ಪಾಲು. 60 ಶೇಕಡಾಕ್ಕೆ ಬಿಡ್ ಹಿಡಿದಿದ್ದರೆ 60 ರೂಪಾಯಿ. ಎಲ್ಲ ಕೂಡಿಸಿ: 86 ರೂಪಾಯಿ 50 ಪೈಸೆ. ಉಳಿದ ಹದಿಮೂರೂವರೆ ರೂಪಾಯಿಯಲ್ಲಿ ಒಂದು ಟನ್ ಅದಿರಿಗೆ ಎರಡೂವರೆ ಮೂರು ಟನ್ ಬರಡು ಮಣ್ಣು ತೆಗೆಯಬೇಕು, ಪಿಟ್ಟಿನ ನೀರು ಪಂಪ್ ಮಾಡಬೇಕು, ಕ್ರಷ್ ಮಾಡಿ ಜರಡಿ ಹಿಡಿಯಬೇಕು, ಟಿಪ್ಪರ್ ಬಾಡಿಗೆ, ಜೆಟ್ಟಿ, ಬಾರ್ಜ್ ಬಾಡಿಗೆ, ಬ್ಯಾಂಕ್ ಬಡ್ಡಿ ಎಲ್ಲ ನಿಭಾಯಿಸಬೇಕು. ಸ್ವಂತ ಕಬ್ಬಿಣದ ಕಾರ್ಖಾನೆ ಇದ್ದವರು ಅದಿರಿನಲ್ಲಿ ಗಿಟ್ಟದ್ದನ್ನು ಕಬ್ಬಿಣದಲ್ಲಿ ಗಿಟ್ಟಿಸುತ್ತಾರೆ. ಬರೀ ಅದಿರು ಮಾರುವ ಹೊಸ ಕಂಪನಿ ಆ ಬಿಡ್ ಹೇಗೆ ತಡೆದುಕೊಳ್ಳುತ್ತದೆ ಎಂಬುದಕ್ಕೆ ಒಂದು ಪುಟದ ಉತ್ತರ ಬರಹದಲ್ಲಿ ಬೇಕು. "ದರ ಏರುತ್ತದೆ" ಎಂಬುದು ಉತ್ತರವಾಗದು, ದರ ಏರಿದರೆ ಪ್ರೀಮಿಯಮ್ಮೂ ರಾಯಲ್ಟಿಯೂ ಜೊತೆಗೇ ಏರುತ್ತವೆ.

ಮಾರಾಟದ ದರ ಹಸಿ ಟನ್ನಿಗೋ ಒಣ ಟನ್ನಿಗೋ ಎಂಬುದನ್ನೂ ನೋಡಿ. ವಿದೇಶಿ ಖರೀದಿದಾರ ರೊಕ್ಕ ಕೊಡುವುದು ಒಣ ಟನ್ನಿಗೆ. ತೇವ 10 ಶೇಕಡಾ ಇದ್ದರೆ 100 ಟನ್ ಸಾಗಿಸಿ 90ಕ್ಕೆ ಬಿಲ್ ಮಾಡುತ್ತೀರಿ, ಟಿಪ್ಪರ್ ಬಾಡಿಗೆ ಮಾತ್ರ 100ಕ್ಕೂ ಹೋಗುತ್ತದೆ. ತೇವ ಹೆಚ್ಚಾದ ಫೈನ್ಸ್ (ಪುಡಿ ಅದಿರು) ಹಡಗಿನಲ್ಲಿ ಕುಲುಕಿ ಕೆಸರಿನಂತೆ ಹರಿಯತೊಡಗುತ್ತದೆ. 2009ರಲ್ಲಿ ಮಂಗಳೂರಿನ ಬಳಿ ಏಷಿಯನ್ ಫಾರೆಸ್ಟ್, ಪಾರಾದೀಪದ ಬಳಿ ಬ್ಲ್ಯಾಕ್ ರೋಸ್ ಎಂಬ ಹಡಗುಗಳು ಅದಿರಿನ ಫೈನ್ಸ್ ಹೊತ್ತು ಮುಳುಗಿದವು. ಅದಕ್ಕೇ ಹಡಗಿಗೆ ತುಂಬುವ ಮುಂಚೆ ತೇವದ ಮಿತಿಯ ಪ್ರಮಾಣಪತ್ರ ಕೇಳುತ್ತಾರೆ. ಮುಚ್ಚದ ಸ್ಟಾಕ್‌ಯಾರ್ಡಿನಲ್ಲಿ ಮಳೆ ನೆನೆದ ಮಾಲು ಅಲ್ಲೇ ಕೂರುತ್ತದೆ.

ಗೋವಾದ ಕಡಿಮೆ ಗ್ರೇಡಿನ ಮಾಲಿಗೆ ದೊಡ್ಡ ಗಿರಾಕಿ ಚೀನಾ. ಕಬ್ಬಿಣ 58 ಶೇಕಡಾಕ್ಕಿಂತ ಕೆಳಗಿನ ಅದಿರಿಗೆ ರಫ್ತು ಸುಂಕ ಇರಲಿಲ್ಲ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಒಂದೇ ಏಟಿಗೆ 50 ಶೇಕಡಾ ಮಾಡಿತು, ನವೆಂಬರಿನಲ್ಲಿ ತೆಗೆಯಿತು. ಅಂಥ ಆರು ತಿಂಗಳು ಮತ್ತೆ ಬಂದರೆ ಕಂಪನಿ ಸಂಬಳ ಹೇಗೆ ಕೊಡುತ್ತದೆ? ಕೋಷ್ಟಕದಲ್ಲಿ ಆ ಸಾಲು ಇದೆಯೇ ನೋಡಿ. ಮಳೆಗಾಲದ ನಾಲ್ಕು ತಿಂಗಳ ಸಾಲೂ ಬೇಕು: ಅಗೆತ ಇಲ್ಲ, ಪಂಪ್ ಮಾತ್ರ ಓಡುತ್ತಿರುತ್ತದೆ, ಬಡ್ಡಿ ನಿಲ್ಲುವುದಿಲ್ಲ. ವರ್ಷಕ್ಕೆ 12 ತಿಂಗಳ ಉತ್ಪಾದನೆ ಬರೆದವರು ಗೋವಾದ ಗಣಿ ನೋಡಿಲ್ಲ. ಬರಡು ಮಣ್ಣಿನ ರಾಶಿಯ, ಅಂದರೆ ಡಂಪಿನ, ಬುಡಕ್ಕೆ ತಡೆಗೋಡೆ, ಕೆಸರು ಇಳಿಸುವ ಹೊಂಡ, ಹೂಳು ತೆಗೆಯುವ ಕೂಲಿ ಇವೆಲ್ಲ ಬಜೆಟ್ಟಿನಲ್ಲಿರಬೇಕು. ಡಂಪಿನ ಮಣ್ಣು ಮಳೆಯಲ್ಲಿ ಕೊಚ್ಚಿ ಕೆಳಗಿನ ಗದ್ದೆಗೆ ಇಳಿದರೆ ಊರವರು ರಸ್ತೆಗೆ ಬರುತ್ತಾರೆ. ಬರಲೇಬೇಕು, ಅದು ಅವರ ಅನ್ನ.

ಪರವಾನಗಿಗಳನ್ನು ಬೇಗ ಹೇಳಿಬಿಡುತ್ತೇವೆ. ಗಣಿ ಬ್ಯೂರೋ ಒಪ್ಪಿದ ಮೈನಿಂಗ್ ಪ್ಲಾನ್, ಸಾರ್ವಜನಿಕ ಅಹವಾಲಿನ ನಂತರದ ಪರಿಸರ ಅನುಮತಿ, ಅರಣ್ಯ ಇದ್ದರೆ ಅದರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ನೋಂದಾಯಿತ ಲೀಸ್ ಡೀಡ್. ಅರ್ಜಿ ಹಾಕಿದ್ದೇವೆ ಎಂಬುದೇ ಬೇರೆ, ಸಿಕ್ಕಿದೆ ಎಂಬುದೇ ಬೇರೆ. ಪರಿಸರ ಮತ್ತು ಅರಣ್ಯ ಅನುಮತಿಯ ಕಡತ ಪರಿವೇಶ್ ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಗಡಿಯಿಂದ ಒಂದು ಕಿಲೋಮೀಟರ್ ಒಳಗಿದ್ದರೆ 2014ರ ತೀರ್ಪಿನ ಪ್ರಕಾರ ಲೀಸ್ ಕೊಡುವಂತಿಲ್ಲ. ನಕಾಶೆ ತೆಗೆದು ಅಳೆಯಿರಿ. ಕಾಲದ ಅಳತೆಯೂ ಇರಲಿ: 2022ರ ಡಿಸೆಂಬರಿನಲ್ಲಿ ಹರಾಜಾದ ಡಿಚೋಲಿ ಬ್ಲಾಕ್ ಕೆಲಸ ಶುರು ಮಾಡಿದ್ದು 2024ರಲ್ಲಿ. ಅದು ಪಿಟ್ಟು, ರಸ್ತೆ ಮೊದಲೇ ಇದ್ದ ಹಳೆಯ ಗಣಿ.

ರೊಕ್ಕ ಎತ್ತುವ ಕಾಯಿದೆಯ ಬಗ್ಗೆ ಕಂಪನಿಯವರಿಗೇ ನೇರವಾಗಿ ಹೇಳಬೇಕು. ಕಂಪನಿ ಕಾಯಿದೆ 2013ರ 42ನೇ ಕಲಮಿನಡಿ ಖಾಸಗಿಯಾಗಿ ಷೇರು ಕೊಡುವುದಾದರೆ ಒಂದು ಆರ್ಥಿಕ ವರ್ಷದಲ್ಲಿ 200ಕ್ಕಿಂತ ಹೆಚ್ಚು ಮಂದಿಗೆ ಕೊಡುವಂತಿಲ್ಲ. ಹೆಸರು ಬರೆದ ಆಫರ್ ಪತ್ರ, ಪಿಎಎಸ್-4, ಕೊಡಬೇಕು. ನಗದು ಮುಟ್ಟುವಂತಿಲ್ಲ, ಬ್ಯಾಂಕ್ ಮೂಲಕವೇ ಬರಬೇಕು, ಪ್ರತ್ಯೇಕ ಖಾತೆಯಲ್ಲಿರಬೇಕು. 60 ದಿನದಲ್ಲಿ ಷೇರು ಹಂಚಿಕೆಯಾಗದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್, ತಡವಾದರೆ 12 ಶೇಕಡಾ ಬಡ್ಡಿ ಸಮೇತ. ಜಾಹೀರಾತು, ಮಾಧ್ಯಮ, ಏಜೆಂಟರ ಮೂಲಕ ಸಾರ್ವಜನಿಕರಿಗೆ ತಿಳಿಸುವುದನ್ನೂ ಅದೇ ಕಲಂ ತಡೆಯುತ್ತದೆ. ಅಂದಮೇಲೆ ಊರೂರಿನ ವಾಟ್ಸಾಪ್ ಗುಂಪಿಗೆ ಬಿಟ್ಟ ಆಹ್ವಾನ, "ನಾಲ್ಕು ಜನರನ್ನು ತಂದರೆ ಕಮಿಷನ್" ಎಂಬ ಮಾತು ಅಲ್ಲಿಗೇ ತಪ್ಪು. ಇನ್ನು "ತಿಂಗಳಿಗೆ ಇಷ್ಟು ಗ್ಯಾರಂಟಿ" ಎಂದರೆ ಮಾತು ಮುಗಿಯಿತು. ಅದಿರು ಇನ್ನೂ ನೆಲದಲ್ಲಿರುವಾಗ ತಿಂಗಳ ರೊಕ್ಕ ಎಲ್ಲಿಂದ ಬರುತ್ತದೆ? ನಿಮ್ಮ ನಂತರ ಸೇರುವವರ ಅಸಲಿನಿಂದ.

ಒಳ್ಳೆಯ ಗಣಿ ಹಿಡಿದಿರುವ ಪ್ರವರ್ತಕರೇ, ನಿಮ್ಮಿಂದ ಬೇಡುವುದು ಕಂತಿನ ಪದ್ಧತಿ. ಮೊದಲ ಕಂತು ಡ್ರಿಲ್ಲಿಂಗಿಗೆ ಮಾತ್ರ: ಇಷ್ಟು ಹೋಲ್, ಇಷ್ಟು ಮೀಟರ್, ಇಂಥ ಲ್ಯಾಬು, ಇಂಥ ದಿನದೊಳಗೆ. ಸರಾಸರಿ ಗ್ರೇಡ್ ಮತ್ತು ಟನ್ ಇಂತಿಷ್ಟಕ್ಕಿಂತ ಕೆಳಗೆ ಬಂದರೆ ಕೆಲಸ ನಿಲ್ಲುತ್ತದೆ, ಖರ್ಚಾಗದ ರೊಕ್ಕ ಹೇಗೆ ವಾಪಸ್ ಬರುತ್ತದೆ ಎಂಬುದು ಷೇರುದಾರರ ಒಪ್ಪಂದದಲ್ಲೇ ಇರುತ್ತದೆ. ಎರಡನೇ ಕಂತು ಪರಿಸರ ಅನುಮತಿ ಕೈಗೆ ಬಂದಮೇಲೆ, ಯಂತ್ರಗಳದ್ದು ಲೀಸ್ ಡೀಡ್ ನೋಂದಣಿಯಾದ ಮೇಲೆ. ನೀವು ರೂಪಾಯಿಗೆ ಪಡೆದ ಷೇರನ್ನು ಮಂದಿಗೆ ನೂರಕ್ಕೆ ಕೊಡುತ್ತಿದ್ದರೆ ಆ ಎರಡೂ ದರ ಒಂದೇ ಪುಟದಲ್ಲಿರಲಿ. ಆಫರ್ ಪತ್ರ ಇಂಗ್ಲಿಷಿನಲ್ಲಿದ್ದರೆ ಅದರ ಪೂರ್ತಿ ಕನ್ನಡ ಪ್ರತಿಯನ್ನು ಸಭೆಗೆ 15 ದಿನ ಮುಂಚೆ ಕೈಗೆ ಕೊಡಿ, ತಮ್ಮ ಸಿಎಯನ್ನೂ ಒಬ್ಬ ಭೂವಿಜ್ಞಾನಿಯನ್ನೂ ಕರೆದುಕೊಂಡು ಕೋರ್ ಶೆಡ್ಡಿಗೆ ಬರಲು ದಿನ ಗೊತ್ತುಮಾಡಿ.