ತಿದ್ದಿದ ಮೇಲೆ ಮೂಲ ಫೋಟೋ ಇಟ್ಟುಕೊಳ್ಳಬೇಕೇ?

ನಮಸ್ಕಾರ. ಹಾರ್ಡ್ ಡಿಸ್ಕ್ ತುಂಬುತ್ತಾ ಬಂದಾಗ ಫೋಟೋ ತೆಗೆಯುವ ಬಹುತೇಕರ ಕಣ್ಣು ಮೊದಲು ಬೀಳುವುದು ಮೂಲ ಕಡತಗಳ ಮೇಲೆ. ಚಿತ್ರವನ್ನು ತಿದ್ದಿ ಮುಗಿಸಿದ್ದಾಗಿದೆ, ಬೇಕಾದವರಿಗೆ ಕಳುಹಿಸಿದ್ದೂ ಆಗಿದೆ, ಇನ್ನು ಈ ಮಂಕಾದ, ಒಂದು ಕಡೆಗೆ ವಾಲಿಕೊಂಡಿರುವ ಮೂಲ ಪ್ರತಿ ಯಾಕೆ ಬೇಕು ಎನ್ನಿಸುವುದು ಸಹಜ. ಈ ವ್ಲಾಗ್‌ನಲ್ಲಿ ನಾನು ಹೇಳಬಯಸುವುದು ಇಷ್ಟು: ಜಾಗಕ್ಕಾಗಿ ಅಳಿಸಬಹುದಾದದ್ದು ಬೇಕಾದಷ್ಟಿದೆ, ಆದರೆ ನೀವು ಮನಸ್ಸಿಟ್ಟು ತಿದ್ದಿದ ಚಿತ್ರದ ಮೂಲ ಕಡತಕ್ಕೆ ಕೈ ಹಾಕಬೇಡಿ.

ಪರದೆಯ ಮೇಲೆ ಈಗ ಕಾಣುತ್ತಿರುವುದು ಎಲೆ ಉದುರಿದ ಮರದ ಒಂದು ಕೊಂಬೆ, ಹಿಂದೆ ತಿಳಿನೀಲಿ ಆಕಾಶ. ಎಡಗಡೆ ಇರುವುದು ಕ್ಯಾಮೆರಾದಿಂದ ಬಂದ ಜೆಪೆಗ್. ಬಲಗಡೆ ಇರುವುದು ಅದನ್ನೇ ತೆರೆದು, ಸ್ವಲ್ಪ ತಿದ್ದಿ, ಅದೇ ಹೆಸರಿನಲ್ಲಿ ಮತ್ತೆ ಮತ್ತೆ ಉಳಿಸಿದ ಪ್ರತಿ. ಸಣ್ಣದಾಗಿ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. ದೊಡ್ಡದು ಮಾಡಿ ನೋಡಿದಾಗ ಬಲಗಡೆಯ ಕೊಂಬೆಯ ಅಂಚಿನ ಸುತ್ತ ಕೊಳೆ ಮೆತ್ತಿದಂತೆ ಚುಕ್ಕೆಗಳು ಎದ್ದಿವೆ, ನಯವಾಗಿದ್ದ ಆಕಾಶದಲ್ಲಿ ಸಣ್ಣ ಸಣ್ಣ ಚೌಕಗಳು ಮೂಡಿವೆ. 1992ರಲ್ಲಿ ಮಾನಕವಾಗಿ ಒಪ್ಪಿತವಾದ ಜೆಪೆಗ್ ವಿಧಾನವು ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ತುಂಡುಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮ ವಿವರಗಳನ್ನು ಕೈಬಿಟ್ಟು ಕಡತವನ್ನು ಚಿಕ್ಕದು ಮಾಡುತ್ತದೆ. ಬರೀ ತೆರೆದು ನೋಡಿ ಮುಚ್ಚಿದರೆ ಏನೂ ಆಗುವುದಿಲ್ಲ. ತಿದ್ದಿ ಉಳಿಸಿದಾಗಲೆಲ್ಲ ಕೈಬಿಡುವ ಕೆಲಸ ಇನ್ನೊಮ್ಮೆ ನಡೆಯುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಜೆಪೆಗ್‌ನಲ್ಲಿ ಮಾತ್ರ ಚಿತ್ರ ತೆಗೆಯುವವರು ಮೊದಲು ಒಂದು ನಕಲು ಮಾಡಿಕೊಂಡು, ಆ ನಕಲನ್ನೇ ತಿದ್ದಬೇಕು.

ಕ್ಯಾಮೆರಾದಲ್ಲಿ ಬೆಳಕು ಗ್ರಹಿಸುವ ಸೆನ್ಸರ್ ದಾಖಲಿಸಿದ್ದನ್ನು ಬಹುತೇಕ ಹಾಗೆಯೇ ಇಟ್ಟುಕೊಳ್ಳುವ ರಾ ಕಡತವನ್ನು ಅಳಿಸಿದರೆ ಆಗುವ ನಷ್ಟ ಇನ್ನೂ ದೊಡ್ಡದು. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಈ ಪ್ರತಿಯೊಂದು ಬಣ್ಣಕ್ಕೂ 256 ಹಂತಗಳಿದ್ದರೆ, 14 ಬಿಟ್‌ನ ರಾ ಕಡತದಲ್ಲಿ ಸೆನ್ಸರ್‌ನ ಪ್ರತಿಯೊಂದು ಬಿಂದುವಿನ ಬೆಳಕನ್ನು 16,384 ಹಂತಗಳಲ್ಲಿ ದಾಖಲಿಸಲು ಅವಕಾಶವಿದೆ. ಕಿಟಕಿಯ ಪಕ್ಕ ಕುಳಿತವರ ಬಿಳಿ ಅಂಗಿಯ ನೆರಿಗೆಗಳು ಜೆಪೆಗ್‌ನಲ್ಲಿ ಒಂದೇ ಬಿಳಿ ತೇಪೆಯಾಗಿ ಹೋಗಿದ್ದರೂ ರಾ ಕಡತದಿಂದ ಅವುಗಳನ್ನು ಎಷ್ಟೋ ಸಲ ಹಿಂದಕ್ಕೆ ತರಬಹುದು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಬಹುಪಾಲು ಸೆನ್ಸರ್‌ಗಳಲ್ಲಿ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ, ಉಳಿದೆರಡು ಬಣ್ಣಗಳನ್ನು ತಂತ್ರಾಂಶವು ಅಕ್ಕಪಕ್ಕದ ಬಿಂದುಗಳಿಂದ ಊಹಿಸಿ ತುಂಬುತ್ತದೆ. ಆ ಊಹೆ ವರ್ಷದಿಂದ ವರ್ಷಕ್ಕೆ ಜಾಣವಾಗುತ್ತಿದೆ. 2023ರಲ್ಲಿ ಲೈಟ್‌ರೂಮ್ ಎಂಬ ಫೋಟೋ ತಿದ್ದುವ ತಂತ್ರಾಂಶಕ್ಕೆ ಬಂದ, ಕೃತಕ ಬುದ್ಧಿಮತ್ತೆ ಬಳಸಿ ಕಾಳು ಕಾಳಾಗಿ ಕಾಣುವ ಮಬ್ಬನ್ನು ತೆಗೆಯುವ ಸೌಲಭ್ಯ ಆರಂಭದಲ್ಲಿ ರಾ ಕಡತಗಳ ಮೇಲೆ ಮಾತ್ರ ಕೆಲಸ ಮಾಡುತ್ತಿತ್ತು. ಅದಕ್ಕೂ ಹಲವು ವರ್ಷ ಮೊದಲು ಕತ್ತಲಲ್ಲಿ, ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಐಎಸ್‌ಒ 6400ಕ್ಕೆ ಏರಿಸಿ ತೆಗೆದ ಚಿತ್ರಗಳ ರಾ ಕಡತ ಉಳಿಸಿಕೊಂಡಿದ್ದವರಿಗೆ ಅದರ ಪ್ರಯೋಜನ ದೊರೆಯಿತು. ತಿದ್ದಿದ ಜೆಪೆಗ್ ಮಾತ್ರ ಇಟ್ಟುಕೊಂಡಿದ್ದವರಿಗೆ ದೊರೆಯಲಿಲ್ಲ.

ಸೌಲಭ್ಯದಂತೆ ಅಭಿರುಚಿಯೂ ಬದಲಾಗುತ್ತದೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬಲ್ಲಿ ತೆಗೆದ ಚಂದ್ರೋದಯದ ಚಿತ್ರವನ್ನು ಅದೇ ನೆಗೆಟಿವ್‌ನಿಂದ ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸಿದರು. ಮೊದಮೊದಲ ಪ್ರತಿಗಳ ಆಕಾಶದಲ್ಲಿ ತೆಳುಮೋಡಗಳು ಕಾಣುತ್ತವೆ, ನಂತರದ ಪ್ರತಿಗಳಲ್ಲಿ ಆಕಾಶ ಹೆಚ್ಚು ಹೆಚ್ಚು ಕಪ್ಪಾಗುತ್ತಾ ಹೋಗುತ್ತದೆ. ಮೊದಲ ಮುದ್ರಣ ಚೆನ್ನಾಗಿ ಬಂದಿತೆಂದು ನೆಗೆಟಿವ್ ಎಸೆದಿದ್ದರೆ ಇಂದು ಎಲ್ಲರೂ ಮೆಚ್ಚುವ ಆ ಗಾಢವಾದ ರೂಪ ಹುಟ್ಟುತ್ತಲೇ ಇರಲಿಲ್ಲ.

ಇದೆಲ್ಲಕ್ಕಿಂತ ನನಗೆ ಹತ್ತಿರವಾದ ಕಾರಣ ಮನುಷ್ಯರ ಮುಖಗಳು. ಈಗ ತೋರಿಸುತ್ತಿರುವ ಎರಡು ಚಿತ್ರಗಳಲ್ಲಿ ಇರುವವರು ನನ್ನ ಅಜ್ಜಿ. ತಿದ್ದಿದ ಚಿತ್ರದಲ್ಲಿ ಎಡ ಹುಬ್ಬಿನ ಮೇಲಿದ್ದ ಹಳೆಯ ಗಾಯದ ಗುರುತನ್ನು ತೆಗೆದಿದ್ದೇನೆ, ಕಣ್ಣಿನ ಕೆಳಗಿನ ಸುಕ್ಕುಗಳನ್ನು ತುಸು ಮೃದುಗೊಳಿಸಿದ್ದೇನೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಆ ರೂಪವೇ ಇರಲಿ ಎಂದು ಅವರೇ ಕೇಳಿದ್ದರು, ಹಾಗೆ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಮೂಲ ಕಡತವನ್ನು ಅಳಿಸಿದ್ದರೆ, ಮುಂದೆ ಮನೆಯ ಮಕ್ಕಳು ನೋಡುವ ಅಜ್ಜಿಗೆ ಆ ಗಾಯ ಎಂದೂ ಇರಲೇ ಇಲ್ಲ ಎಂದಾಗುತ್ತಿತ್ತು.

ಮೂಲ ಕಡತ ಸಾಕ್ಷಿಯೂ ಹೌದು. ತೆಗೆದ ದಿನ, ಸಮಯ, ಲೆನ್ಸ್ ಮುಂತಾದ ವಿವರಗಳು ಅದರೊಳಗೇ ಇರುತ್ತವೆ, ತಿದ್ದಿ ಹೊರತೆಗೆದ ಪ್ರತಿಯಲ್ಲಿ ಅವು ಎಷ್ಟೋ ಸಲ ಕಳೆದುಹೋಗಿರುತ್ತವೆ. ಸುದ್ದಿಚಿತ್ರಗಳಿಗಾಗಿ ನಡೆಯುವ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೆ ಬಂದವರಿಂದ ಮೂಲ ಕಡತಗಳನ್ನು ತರಿಸಿಕೊಂಡು ಪರಿಶೀಲಿಸುತ್ತಾರೆ.

ಲೈಟ್‌ರೂಮ್‌ನಂತಹ ತಂತ್ರಾಂಶ ಬಳಸುವವರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ನೀವು ಮಾಡಿದ ತಿದ್ದುಪಡಿಗಳೆಲ್ಲ ಸೂಚನೆಗಳ ರೂಪದಲ್ಲಿ ತಂತ್ರಾಂಶದ ಕ್ಯಾಟಲಾಗ್ ಎಂಬ ದಾಖಲೆಯಲ್ಲೋ, ಮೂಲ ಕಡತದ ಪಕ್ಕದಲ್ಲಿ ಕೂರುವ ಎಕ್ಸ್‌ಎಂಪಿ ಎಂಬ ಪುಟ್ಟ ಕಡತದಲ್ಲೋ ಇರುತ್ತವೆ. ಎಕ್ಸ್‌ಪೋರ್ಟ್ ಮಾಡುವ, ಅಂದರೆ ಹೊಸ ಕಡತವಾಗಿ ಹೊರತೆಗೆಯುವ ತನಕ ತಿದ್ದಿದ ಚಿತ್ರ ಎಂಬುದು ಬೇರೆಯಾಗಿ ಎಲ್ಲಿಯೂ ಇರುವುದಿಲ್ಲ. ಮೂಲವನ್ನು ಅಳಿಸಿದರೆ ಉಳಿಯುವುದು ಆ ಸೂಚನೆಗಳು ಮತ್ತು ಮುನ್ನೋಟದ ಒಂದು ಪ್ರತಿ ಅಷ್ಟೇ. ಫೋಲ್ಡರ್‌ಗೆ ಹೋಗಿ ರಾ ಕಡತದ ಹೆಸರನ್ನು ಮಾತ್ರ ಬದಲಿಸಿದರೂ ಎಕ್ಸ್‌ಎಂಪಿಯೊಂದಿಗಿನ ಅದರ ನಂಟು ತಪ್ಪುತ್ತದೆ.

ಹಾಗಾದರೆ ಜಾಗ ಎಲ್ಲಿಂದ ಬರಬೇಕು? ಲೆಕ್ಕ ಹಾಕಿ ನೋಡಿ. 24 ಮೆಗಾಪಿಕ್ಸೆಲ್‌ನ ಒಂದು ರಾ ಕಡತ ಸಾಮಾನ್ಯವಾಗಿ 25ರಿಂದ 30 ಎಂಬಿ ಇರುತ್ತದೆ, ಅದರ ಎಕ್ಸ್‌ಎಂಪಿ ಕೆಲವೇ ಕೆಬಿ. ಅದೇ ಚಿತ್ರವನ್ನು 16 ಬಿಟ್‌ನ ಟಿಫ್ ಎಂಬ ಬಗೆಯ ಕಡತವಾಗಿ, ಗಾತ್ರ ಕುಗ್ಗಿಸದೆ ಉಳಿಸಿದರೆ ಸುಮಾರು 144 ಎಂಬಿ ಬೇಕು, ಒಂದರ ಮೇಲೊಂದು ತಿದ್ದುಪಡಿಯ ಪದರಗಳಿದ್ದರೆ ಇನ್ನೂ ಹೆಚ್ಚು. ಡಿಸ್ಕ್ ತುಂಬಿಸುತ್ತಿರುವುದು ಎಷ್ಟೋ ಸಲ ಈ ನಡುವಿನ ಪ್ರತಿಗಳೇ. ಪದರ ಪದರವಾಗಿ ಕೂತು ಮಾಡಿದ ಕೆಲಸವಿಲ್ಲದಿದ್ದರೆ ಅವುಗಳನ್ನು ಧೈರ್ಯವಾಗಿ ತೆಗೆಯಬಹುದು, ಬೇಕಾದಾಗ ಮೂಲದಿಂದ ಮತ್ತೆ ಮಾಡಿಕೊಳ್ಳಬಹುದು. ಇನ್ನು, ಒಂದೇ ಕ್ಷಣದ ಹತ್ತು ಚಿತ್ರಗಳಲ್ಲಿ ಕಣ್ಣು ಮುಚ್ಚಿದವು, ಅಲುಗಿದವು, ಫೋಕಸ್ ತಪ್ಪಿದವು ಇರುತ್ತವೆ. ಅಂಥವನ್ನು ಮೂಲಸಮೇತ ಅಳಿಸಿ. ರಸೀದಿ, ಸೂಚನಾಫಲಕ, ಸ್ಕ್ರೀನ್‌ಶಾಟ್‌ಗಳನ್ನು ಕತ್ತರಿಸಿ ಉಳಿಸಿಕೊಂಡ ಮೇಲೆ ಅವುಗಳ ಮೂಲವನ್ನು ಕಾಪಾಡುವ ಅಗತ್ಯವೂ ಇಲ್ಲ.

ನನ್ನ ಕ್ರಮ ಹೀಗಿದೆ. ಕಾರ್ಡ್‌ನಿಂದ ಇಳಿಸಿದ ದಿನವೇ ಬೇಡದ ಚಿತ್ರಗಳನ್ನು ಆರಿಸಿ ಅಳಿಸುತ್ತೇನೆ, ಉಳಿದವುಗಳ ಮೂಲವನ್ನು ವರ್ಷ ಮತ್ತು ತಿಂಗಳ ಹೆಸರಿನ ಫೋಲ್ಡರ್‌ನಲ್ಲಿಟ್ಟು, ತಿದ್ದಿ ಹೊರತೆಗೆದ ಪ್ರತಿಗಳಿಗೆ ಪ್ರತ್ಯೇಕ ಫೋಲ್ಡರ್ ಮಾಡುತ್ತೇನೆ. ಮೂಲದ ಫೋಲ್ಡರ್ ಕ್ಯಾಟಲಾಗ್‌ನೊಂದಿಗೆ ಇನ್ನೊಂದು ಡಿಸ್ಕ್‌ಗೂ ನಕಲಾಗುತ್ತದೆ, ಆ ಡಿಸ್ಕ್ ಬೇರೆ ಮನೆಯಲ್ಲಿರುತ್ತದೆ. ನಕಲು ಮುಗಿದ ಮೇಲೆ ಎರಡನೆಯ ಡಿಸ್ಕ್‌ನಿಂದಲೇ ನಾಲ್ಕಾರು ಕಡತಗಳನ್ನು ತೆರೆದು, ಪೂರ್ತಿಯಾಗಿ ತೆರೆದುಕೊಳ್ಳುತ್ತವೆ ಎಂದು ಖಚಿತಪಡಿಸಿಕೊಂಡ ನಂತರವೇ ಕಾರ್ಡ್ ಅನ್ನು ಫಾರ್ಮ್ಯಾಟ್ ಮಾಡುತ್ತೇನೆ.